ಇದ್ದಿಲು ಕೊನೆಯ ತೊಟ್ಟಿಗೆ: ದಾವಣಗೆರೆಯ ಒಂದು ಪ್ಲೇಟಿಂಗ್ ಅಂಗಡಿಯ ಪ್ರಕರಣ

ದಾವಣಗೆರೆಯ ಹೊರವಲಯದಲ್ಲಿ ಐದಾರು ಜನ ದುಡಿಯುವ ಒಂದು ಪ್ಲೇಟಿಂಗ್ ಅಂಗಡಿ, ಅಂದರೆ ಕಬ್ಬಿಣದ ಸಾಮಾನಿಗೆ ನಿಕಲ್, ಕ್ರೋಮ್ ಲೇಪ ಹಾಕುವ ಅಂಗಡಿಯಿದೆ. ತೊಳೆದ ನೀರಿನಲ್ಲಿರುವ ನಿಕಲ್ ಮತ್ತು ಕ್ರೋಮಿಯಂ ತೆಗೆಯಲು ಅಲ್ಲಿ ಕೃಷಿ ತ್ಯಾಜ್ಯದ ಇದ್ದಿಲನ್ನು, ಅಂದರೆ ಬಯೋಚಾರ್ ಅನ್ನು, ಬಳಸಿ ನೋಡಿದರು. ಮೊದಲ ಏರ್ಪಾಡು ಸೋತಿತು. ಎರಡನೆಯದು ಗೆದ್ದಿತು. ಎರಡರಲ್ಲೂ ಬಳಸಿದ್ದು ನಮ್ಮ ಸುತ್ತಮುತ್ತ ಸಿಗುವ ಕಸದ ಇದ್ದಿಲೇ. ಸೋಲು ಗೆಲುವನ್ನು ನಿರ್ಧರಿಸಿದ್ದರಲ್ಲಿ ಇದ್ದಿಲಿನ ಗುಣದ ಪಾಲು ಸ್ವಲ್ಪ. ಅದನ್ನು ಯಾವ ಹಂತದಲ್ಲಿ ಇಟ್ಟರು ಎಂಬುದರ ಪಾಲೇ ಹೆಚ್ಚು. ಅಂಗಡಿಯ ಹೆಸರು ಇಲ್ಲಿ ಬೇಡ. ನಾನು ರಸಾಯನಶಾಸ್ತ್ರ ಪಾಠ ಮಾಡುವವನು. ನೀರು ಪರೀಕ್ಷೆ ಮಾಡಿಕೊಡಿ ಎಂದು ಮಾಲೀಕರು ಕೇಳಿದ್ದರಿಂದ ಈ ಕೆಲಸದೊಳಗೆ ಬಂದೆ. ಭಾರಲೋಹದ ನೀರಿಗೆ ಇದ್ದಿಲೇ ಮದ್ದು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿರುವುದರಿಂದ, ನೆಲದ ಮೇಲೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ವಿವರವಾಗಿ ದಾಖಲಿಸಬೇಕು ಅನ್ನಿಸಿದೆ.

ಅಂಗಡಿಯ ಕೆಲಸ, ಅಲ್ಲಿನ ನೀರು

ಬೈಕಿನ ಹ್ಯಾಂಡಲ್, ಸೈಲೆನ್ಸರ್, ಸೈಕಲ್ ಬಿಡಿಭಾಗ, ಗೇಟಿನ ಹಿಡಿಕೆ: ಬರುವುದೆಲ್ಲ ಕಬ್ಬಿಣದ ಮಾಲು. ಮೊದಲು ಬಫ್ ಹೊಡೆದು ಪಾಲಿಶ್ ಮಾಡುತ್ತಾರೆ. ಎಣ್ಣೆಯಂಶ ಹೋಗಲು ಕಾಸ್ಟಿಕ್ ತೊಟ್ಟಿ, ತುಕ್ಕು ಹೋಗಲು ಆಸಿಡ್ ತೊಟ್ಟಿ, ಆಮೇಲೆ ನಿಕಲ್, ಕೊನೆಗೆ ಕ್ರೋಮ್. ಪ್ರತಿ ತೊಟ್ಟಿಯಿಂದ ಎತ್ತಿದ ಮೇಲೆ ನೀರಿನಲ್ಲಿ ಅದ್ದಿ ತೊಳೆಯುತ್ತಾರೆ. ತೊಂದರೆ ಹುಟ್ಟುವುದು ಈ ತೊಳೆಯುವ ನೀರಿನಲ್ಲೇ. ತೊಟ್ಟಿಯ ದ್ರಾವಣವನ್ನು ಯಾರೂ ಬೇಕೆಂದು ಚೆಲ್ಲುವುದಿಲ್ಲ; ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ. ಆದರೆ ಮೇಲೆತ್ತಿದ ಸಾಮಾನಿನ ಮೈಗೆ ಅಂಟಿಕೊಂಡು ಬರುವ ತೆಳು ಪದರ ಪ್ರತಿ ಸಲವೂ ತೊಳೆಯುವ ನೀರಿಗೆ ಸೇರುತ್ತದೆ.

ಆ ತೆಳು ಪದರ ಎಷ್ಟು ಭಾರದ್ದು ಎಂದು ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಸಾಮಾನ್ಯವಾಗಿ ನಿಕಲ್ ತೊಟ್ಟಿಯ ದ್ರಾವಣದಲ್ಲಿ ಲೀಟರಿಗೆ 60ರಿಂದ 80 ಗ್ರಾಂ ನಿಕಲ್ ಇರುತ್ತದೆ. 70 ಎಂದು ಇಟ್ಟುಕೊಳ್ಳೋಣ. ದಿನವಿಡೀ ಅದ್ದಿ ಎತ್ತುವುದರಲ್ಲಿ ಬರೀ ಒಂದು ಲೀಟರ್ ದ್ರಾವಣ ಸಾವಿರ ಲೀಟರ್ ತೊಳೆಯುವ ನೀರಿಗೆ ಸೇರಿದರೂ, ಆ ನೀರಿನ ಪ್ರತಿ ಲೀಟರಿನಲ್ಲಿ 70 ಮಿಲಿಗ್ರಾಂ ನಿಕಲ್ ಆಯಿತು. ಹೊರಗೆ ಬಿಡಲು ಇರುವ ಮಿತಿ ಲೀಟರಿಗೆ 3 ಮಿಲಿಗ್ರಾಂ. ಕ್ರೋಮ್ ತೊಟ್ಟಿಯದು ಇನ್ನೂ ಕಠಿಣ. ಅಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, ಅಂದರೆ ಸುಮಾರು 130 ಗ್ರಾಂ ಕ್ರೋಮಿಯಂ ಇರುತ್ತದೆ. ಒಂದು ಲೀಟರ್ ಸಾವಿರ ಲೀಟರಿಗೆ ಸೇರಿದರೆ ಲೀಟರಿಗೆ 130 ಮಿಲಿಗ್ರಾಂ. ಅದೂ ಹೆಕ್ಸಾವೇಲೆಂಟ್ ರೂಪದ್ದು, ಕ್ಯಾನ್ಸರ್ ತರುವ ರೂಪ. ಅದಕ್ಕಿರುವ ಮಿತಿ 0.1 ಮಿಲಿಗ್ರಾಂ. ಮಿತಿಗೆ ಬರಬೇಕಾದರೆ ಸಾವಿರದ ಮುನ್ನೂರು ಪಟ್ಟು ಇಳಿಯಬೇಕು.

ಈ ನೀರು ಹೋಗುತ್ತಿದ್ದದ್ದು ಅಂಗಡಿ ಹಿಂದಿನ ಗುಂಡಿಗೆ. ಸುಣ್ಣ ಹಾಕಿ ಕಲಕಿ, ತಿಳಿಯಾದದ್ದನ್ನು ಬಿಡುವ ರೂಢಿ ಇತ್ತು. ಎಷ್ಟು ಸುಣ್ಣ, ಯಾವ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಎಂದು ನೋಡುವವರಿರಲಿಲ್ಲ. ಭದ್ರಾ ನಾಲೆಯ ನೀರು ಕುಡಿದು ಬೆಳೆಯುವ ಗದ್ದೆ, ಅಡಿಕೆ ತೋಟ, ಊರ ಬೋರುಗಳ ನಡುವೆ ಇರುವ ಜಾಗ ಅದು. ಹಾಗಾಗಿ ಈ ಅಂಗಡಿಯ ನೀರನ್ನು ಅಂಗಡಿಯವರ ಸಂಗತಿ ಎಂದು ಬಿಟ್ಟುಬಿಡಲು ಆಗುವುದಿಲ್ಲ.

ಮೊದಲ ಏರ್ಪಾಡು: ಭಟ್ಟಿಯ ಸುಟ್ಟ ಹೊಟ್ಟು

ದಾವಣಗೆರೆಯಲ್ಲಿ ಇದ್ದಿಲಿನ ವಿಚಾರ ಬಂದರೆ ಮೊದಲು ನೆನಪಾಗುವುದು ಮಂಡಕ್ಕಿ ಭಟ್ಟಿ. ಅಲ್ಲಿ ಭತ್ತದ ಹೊಟ್ಟು ಉರಿಸುತ್ತಾರೆ. ಉಳಿಯುವ ಕಪ್ಪು ಬೂದಿಯನ್ನು ಹೊರಗೆ ರಾಶಿ ಹಾಕುತ್ತಾರೆ. ಸಾಗಿಸುವ ಖರ್ಚು ಬಿಟ್ಟರೆ ಬಿಟ್ಟಿ ಸಿಗುವ ಮಾಲು. ಮಾಲೀಕರು ಯಾವುದೋ ವಿಡಿಯೋದಲ್ಲಿ ಭತ್ತದ ಹೊಟ್ಟಿನ ಇದ್ದಿಲು ಲೋಹ ಹೀರುತ್ತದೆ ಎಂದು ನೋಡಿದ್ದರು. ಒಂದು ಭಟ್ಟಿಯಿಂದ ಚೀಲಗಟ್ಟಲೆ ತರಿಸಿದರು. ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಸುಟ್ಟ ಹೊಟ್ಟು. ನಿಕಲ್ ತೊಳೆದ ನೀರು, ಕ್ರೋಮ್ ತೊಳೆದ ನೀರು ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಮೇಲಿಂದ ಬಿಟ್ಟರು.

ಮೊದಮೊದಲು ಫಲಿತಾಂಶ ಚೆನ್ನಾಗಿಯೇ ಕಂಡಿತು. ನಿಕಲ್‌ನ ಹಸಿರು ಛಾಯೆ ಹೋಯಿತು. "ನೀರು ಕನ್ನಡಿ ಆಗೇತಿ ಸರ್, ಇನ್ನೇನು ಟೆಸ್ಟು ಬೇಕು?" ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದು ಆ ಸಂತೋಷದಲ್ಲೇ. ಆದರೆ ಕ್ರೋಮ್ ಕೆಲಸ ಜಾಸ್ತಿ ಇದ್ದ ದಿನ ಡ್ರಮ್ಮಿಗೆ ಹಳದಿ ನೀರು ಹೋಗಿ ಹಳದಿಯಾಗಿಯೇ ಹೊರಗೆ ಬಂತು. ಕೆಲವು ದಿನ ಕಳೆದ ಮೇಲೆ ನಿಕಲ್ ಕೂಡ ಒಮ್ಮೆಲೇ ಬರತೊಡಗಿತು. ನಾನು ಮಾದರಿ ತೆಗೆದುಕೊಂಡದ್ದು ಆ ಹೊತ್ತಿಗೆ.

ಇಲ್ಲಿ ಆದದ್ದೇನು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದೇ ಜಾಗದಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ.

ಇದ್ದಿಲು ಬೇರೆ, ಬೂದಿ ಬೇರೆ. ಗಾಳಿ ಕಡಿಮೆ ಇರುವಲ್ಲಿ, 300ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊಟ್ಟೋ ಸಿಪ್ಪೆಯೋ ಬೆಂದರೆ ಉಳಿಯುವ ಇಂಗಾಲದ ಗಟ್ಟಿ ವಸ್ತು ಇದ್ದಿಲು. ಅದರ ಮೈತುಂಬ ಸೂಕ್ಷ್ಮ ರಂಧ್ರ. ಆಮ್ಲಜನಕ ಹೊತ್ತ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಗುಂಪುಗಳು ಅದರ ಮೇಲ್ಮೈಯಲ್ಲಿರುತ್ತವೆ. ನಿಕಲ್, ಸೀಸ, ತಾಮ್ರದಂಥ ಧನ ಅಯಾನುಗಳನ್ನು, ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳನ್ನು, ಹಿಡಿಯುವುದು ಈ ಗುಂಪುಗಳು. ಗಾಳಿ ಚೆನ್ನಾಗಿ ಸಿಕ್ಕು ಪೂರ್ತಿ ಉರಿದರೆ ಇಂಗಾಲವೇ ಉಳಿಯುವುದಿಲ್ಲ. ಭತ್ತದ ಹೊಟ್ಟಿನಲ್ಲಿ ತೂಕದ ಐದನೇ ಒಂದು ಭಾಗದಷ್ಟು ಬೂದಿಯಂಶವಿದ್ದು, ಅದರಲ್ಲಿ ಬಹುಪಾಲು ಸಿಲಿಕಾ. ಭಟ್ಟಿಯ ರಾಶಿಯಲ್ಲಿ ಕರಿ ಇದ್ದಿಲೂ ಇರುತ್ತದೆ, ಬೂದು ಬಣ್ಣದ ಬರೀ ಬೂದಿಯೂ ಇರುತ್ತದೆ. ದಿನ ದಿನಕ್ಕೆ ಪ್ರಮಾಣ ಬದಲಾಗುತ್ತದೆ.

ಆ ಬೂದಿಯಲ್ಲಿ ಕ್ಷಾರವಿದೆ. ಆಸಿಡ್ ಸೇರಿದ ತೊಳೆಯುವ ನೀರು ಅದರ ಮೂಲಕ ಇಳಿದಾಗ ಪಿಎಚ್ ಏರುತ್ತದೆ. ಪಿಎಚ್ ಏರಿದರೆ ನಿಕಲ್ ಹೈಡ್ರಾಕ್ಸೈಡ್ ಆಗಿ ಹೆಪ್ಪುಗಟ್ಟಿ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ನೀರು ತಿಳಿಯಾದದ್ದು ಮುಖ್ಯವಾಗಿ ಇದರಿಂದ. ಇದ್ದಿಲು ಹೀರಿದ್ದು ಕಡಿಮೆ, ಬೂದಿಯ ಕ್ಷಾರ ಮಾಡಿದ್ದು ಹೆಚ್ಚು. ಕ್ಷಾರ ತೊಳೆದುಹೋದ ದಿನ ಪಿಎಚ್ ಬಿತ್ತು, ಹೆಪ್ಪುಗಟ್ಟಿದ್ದ ನಿಕಲ್ ಮತ್ತೆ ಕರಗಿ, ಬರುವ ನಿಕಲ್ ಜೊತೆ ಸೇರಿ ಒಟ್ಟಿಗೆ ಹೊರಗೆ ಬಂತು. ನಿತ್ಯ ಒಂದು ಪಿಎಚ್ ಕಾಗದ ಅದ್ದಿ ನೋಡಿದ್ದರೂ ಈ ಇಳಿಜಾರು ಮೊದಲೇ ತಿಳಿಯುತ್ತಿತ್ತು.

ಕ್ರೋಮಿಯಂ ಕಥೆ ಇದಕ್ಕೆ ತದ್ವಿರುದ್ಧ. ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ, ಋಣ ಅಯಾನಾಗಿ ಇರುತ್ತದೆ. ಕ್ಷಾರೀಯ ನೀರಿನಲ್ಲಿ ಇದ್ದಿಲಿನ ಮೈಯೂ ಋಣ ವಿದ್ಯುದಂಶದ್ದು. ಎರಡೂ ಒಂದನ್ನೊಂದು ತಳ್ಳುತ್ತವೆ. ಕ್ರೋಮೇಟ್ ಹಿಡಿಯಬೇಕಾದರೆ ನೀರು ಆಮ್ಲೀಯವಾಗಿರಬೇಕು, ಪಿಎಚ್ 2ರಿಂದ 3ರ ಸುಮಾರು. ಅಲ್ಲಿ ಇದ್ದಿಲಿನ ಮೈ ಧನವಾಗುತ್ತದೆ, ಕ್ರೋಮೇಟನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಇದ್ದಿಲೇ ಎಲೆಕ್ಟ್ರಾನ್ ಕೊಟ್ಟು ಅದನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತರುತ್ತದೆ. ನಿಕಲ್‌ಗೆ ಬೇಕಾದ ಪಿಎಚ್ ಕ್ರೋಮ್‌ಗೆ ಒಗ್ಗದು, ಕ್ರೋಮ್‌ಗೆ ಬೇಕಾದದ್ದು ನಿಕಲ್‌ಗೆ ಒಗ್ಗದು. ಎರಡೂ ನೀರನ್ನು ಒಂದೇ ಪೈಪಿಗೆ ಸೇರಿಸಿದ ಕ್ಷಣದಲ್ಲೇ ಆ ಡ್ರಮ್ಮು ಸೋತಿತ್ತು.

ಜಿಂಕ್ ಎಲ್ಲಿಂದ ಬಂತು?

ಮಾದರಿಗಳನ್ನು ಹೊರಗಿನ ಪ್ರಯೋಗಾಲಯಕ್ಕೂ ಕಳಿಸಿದ್ದೆವು. ವರದಿಯಲ್ಲಿ ಒಂದು ವಿಚಿತ್ರ ಕಂಡಿತು. ಡ್ರಮ್ಮಿಗೆ ಹೋಗುವ ನೀರಿಗಿಂತ ಹೊರಗೆ ಬರುವ ನೀರಿನಲ್ಲಿ ಜಿಂಕ್ ಹೆಚ್ಚು. ಈ ಅಂಗಡಿಯಲ್ಲಿ ಜಿಂಕ್ ಕೆಲಸವೇ ಇಲ್ಲ, ಹಿತ್ತಾಳೆ ಮಾಲೂ ಬರುವುದಿಲ್ಲ. ಹಾಗಾದರೆ ಕೊಟ್ಟದ್ದು ಸುಟ್ಟ ಹೊಟ್ಟೇ ಇರಬೇಕು.

ವಿಚಾರಿಸಿದಾಗ ಗೊತ್ತಾಯಿತು: ಆ ರಾಶಿ ಬಂದ ಭಟ್ಟಿಯಲ್ಲಿ ಹೊಟ್ಟಿನ ಜೊತೆ ಹಳೇ ಟೈರಿನ ತುಂಡುಗಳೂ ಉರಿದಿದ್ದವು. ರಬ್ಬರ್ ಗಟ್ಟಿಯಾಗಲು ಟೈರಿಗೆ ಜಿಂಕ್ ಆಕ್ಸೈಡ್ ಸೇರಿಸಿರುತ್ತಾರೆ. ಟೈರಿನ ತೂಕದಲ್ಲಿ ಶೇಕಡ 1ರಿಂದ 2ರಷ್ಟು ಜಿಂಕ್ ಇರುವುದು ಸಾಮಾನ್ಯ. ಉರಿದಾಗ ಅದರಲ್ಲಿ ಒಂದು ಪಾಲು ಬೂದಿಯಲ್ಲೇ ಉಳಿಯುತ್ತದೆ. ಆಸಿಡ್ ನೀರು ತಗುಲಿದರೆ ಕರಗಿ ಹೊರಬರುತ್ತದೆ. ಲೋಹ ತೆಗೆಯಲು ತಂದ ವಸ್ತುವೇ ಲೋಹ ಸೇರಿಸಿತು.

ತ್ಯಾಜ್ಯದಿಂದ ಮಾಡಿದ್ದು ಎಂಬ ಮಾತಿಗೆ ಒಂದು ಸೊಗಸಿದೆ, ನನಗೂ ಅದು ಇಷ್ಟ. ಆದರೆ ಯಾವ ತ್ಯಾಜ್ಯ, ಯಾವುದರ ಜೊತೆ ಉರಿದದ್ದು ಎಂದು ಕೇಳದೆ ಒಂದು ಚೀಲವನ್ನೂ ಒಳಗೆ ಬಿಡಬಾರದು. ಒಂದು ಸರಳ ಪರೀಕ್ಷೆ ಎಲ್ಲರೂ ಮಾಡಬಹುದು. ಹೊಸ ಇದ್ದಿಲನ್ನು ಶುದ್ಧ ನೀರಿನಲ್ಲಿ ಒಂದಷ್ಟು, ತೆಳು ವಿನೆಗರ್‌ನಲ್ಲಿ ಒಂದಷ್ಟು ನೆನೆಸಿಟ್ಟು, ಸೋಸಿದ ನೀರನ್ನು ಪರೀಕ್ಷೆಗೆ ಕಳಿಸುವುದು. ಲೋಹದ ನೀರಿಗೆ ಹಾಕುವ ಮೊದಲು ಇದ್ದಿಲು ತಾನೇ ಏನು ಬಿಡುತ್ತದೆ ಎಂಬುದು ಗೊತ್ತಾಗಬೇಕು.

ಬಾಟಲಿ ಪರೀಕ್ಷೆ

ಮುಂದಿನ ಹೆಜ್ಜೆಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಆರಿಸಿದೆವು. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಒಕ್ಕಣೆ ಮುಗಿದ ಮೇಲೆ ಬೆಂಡಿನ ಗುಡ್ಡೆ ಹೊಲದ ಬದುವಿನಲ್ಲೇ ಬಿದ್ದಿರುತ್ತದೆ. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ, ಚಳ್ಳಕೆರೆ ಎಣ್ಣೆ ಮಿಲ್ಲುಗಳ ಶೇಂಗಾ ಹೊಟ್ಟು ಕೂಡ ಯೋಚನೆಯಲ್ಲಿದ್ದವು. ಬೆಂಡು ಗೆದ್ದದ್ದು ಮೂರು ಕಾರಣಕ್ಕೆ: ಭತ್ತದ ಹೊಟ್ಟಿಗೆ ಹೋಲಿಸಿದರೆ ಬೂದಿ ಬಹಳ ಕಡಿಮೆ, ಇದ್ದಿಲು ಆದ ಮೇಲೂ ತುಂಡು ಗಟ್ಟಿಯಾಗಿ ನಿಲ್ಲುತ್ತದೆ, ಹೊಲದಿಂದ ನೇರ ಬರುವುದರಿಂದ ಅದರೊಳಗೆ ಏನು ಬೆರೆತಿದೆ ಎಂಬ ಭಯವಿಲ್ಲ. ಮುಚ್ಚಳದ ಡ್ರಮ್ಮಿನಲ್ಲಿ ಗಾಳಿ ಕಟ್ಟಿ ಬೇಯಿಸಿ, ನೀರು ಹಾಕಿ ಆರಿಸಿ, ಕುಟ್ಟಿ, ಜರಡಿ ಹಿಡಿದು, ಪುಡಿ ತೆಗೆದು, ತೊಳೆಯುವ ನೀರು ತಿಳಿಯಾಗುವ ತನಕ ತೊಳೆದೆವು. ಬೆಂಡಿನ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇದ್ದಿಲು ಸಿಗುತ್ತದೆ ಎಂದು ನಂಬಬಹುದು.

ಡ್ರಮ್ಮಿಗೆ ತುಂಬುವ ಮೊದಲು ಬಾಟಲಿ ಪರೀಕ್ಷೆ ಆಗಲೇಬೇಕು ಎಂದು ಹಟ ಹಿಡಿದೆ. ಒಂದೇ ಅಳತೆಯ ನಿಕಲ್ ನೀರು ತುಂಬಿದ ಬಾಟಲಿಗಳ ಸಾಲು; ಒಂದೊಂದಕ್ಕೆ ಒಂದೊಂದು ಪ್ರಮಾಣದ ಇದ್ದಿಲು; ಕುಲುಕಿ, ಇಟ್ಟು, ಸೋಸಿ, ಉಳಿದ ನಿಕಲ್ ನೋಡುವುದು. ಇದನ್ನು ಎಲ್ಲರೂ ಮಾಡುತ್ತಾರೆ. ಹೆಚ್ಚಿನವರು ಮರೆಯುವುದು ಇನ್ನೊಂದು ಬಾಟಲಿಯನ್ನು: ಇದ್ದಿಲು ಹಾಕದೆ, ಇದ್ದಿಲು ಹಾಕಿದ ಬಾಟಲಿಯಲ್ಲಿ ಕೊನೆಗೆ ಎಷ್ಟು ಪಿಎಚ್ ಬಂತೋ ಅಷ್ಟೇ ಪಿಎಚ್‌ಗೆ ಕಾಸ್ಟಿಕ್‌ನಿಂದ ಏರಿಸಿದ ಬಾಟಲಿ. ಅದರಲ್ಲೂ ನಿಕಲ್ ಅಷ್ಟೇ ಇಳಿದಿದ್ದರೆ ಇದ್ದಿಲು ಏನೂ ಮಾಡಿಲ್ಲ, ಕ್ಷಾರ ಮಾಡಿದೆ ಎಂದು ಅರ್ಥ. ಭಟ್ಟಿಯ ಹೊಟ್ಟು ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು. ತೊಳೆದ ಬೆಂಡಿನ ಇದ್ದಿಲು ಕಡಿಮೆ ಹಿಡಿದರೂ ತಾನೇ ಹಿಡಿಯಿತು.

ನಿಕಲ್ ಇದೆಯೋ ಇಲ್ಲವೋ ನೋಡಲು ಡೈಮಿಥೈಲ್ ಗ್ಲೈಆಕ್ಸಿಮ್ ಎಂಬ ರಾಸಾಯನಿಕ ಸಾಕು. ಪಿಯು ಕಾಲೇಜಿನ ಲ್ಯಾಬಿನಲ್ಲೂ ಸಿಗುತ್ತದೆ. ಅಮೋನಿಯಾ ಹಾಕಿ ಕ್ಷಾರೀಯ ಮಾಡಿದ ನೀರಿಗೆ ಬೆರೆಸಿದರೆ ನಿಕಲ್ ಇದ್ದಲ್ಲಿ ಗುಲಾಬಿ ಕೆಂಪು ಬರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಡೈಫಿನೈಲ್ ಕಾರ್ಬಜೈಡ್, ಅದರ ಬಣ್ಣ ನೇರಳೆ. ಅಂಗಡಿಯ ಹುಡುಗರು ಈ ಎರಡು ಪರೀಕ್ಷೆಯನ್ನು ಬೇಗ ಕಲಿತರು. ನಿಖರ ಅಂಕಿಗೆ ಪ್ರಯೋಗಾಲಯ ಬೇಕೇ ಬೇಕು, ಆದರೆ ದಿನನಿತ್ಯದ ಕಾವಲಿಗೆ ಈ ಬಣ್ಣಗಳೇ ಸಾಕು.

ಇಲ್ಲಿ ಇನ್ನೊಂದು ಸಂಗತಿ ಎದುರಾಯಿತು. ಶುದ್ಧ ನೀರಿನಲ್ಲಿ ನಿಕಲ್ ಲವಣ ಕರಗಿಸಿ ಮಾಡಿದ ಪರೀಕ್ಷೆಗಿಂತ ಅಂಗಡಿಯ ನೀರಿನಲ್ಲಿ ಇದ್ದಿಲು ಹಿಡಿದ ನಿಕಲ್ ತೀರಾ ಕಡಿಮೆ. ತೊಳೆಯಲು ಬಳಸುವುದು ಬೋರಿನ ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಧನ ಅಯಾನುಗಳೇ. ದುಗ್ಗಮ್ಮನ ಜಾತ್ರೆಗೆ ಹೋಗುವ ಬಸ್ಸಿನಂತೆ, ನಾವು ಯಾರಿಗಾಗಿ ಸೀಟು ಹಿಡಿದಿಟ್ಟಿದ್ದೇವೋ ಅವರು ಹತ್ತುವ ಮೊದಲೇ ಬೇರೆಯವರು ಕೂತಿರುತ್ತಾರೆ. ಸಂಶೋಧನಾ ಲೇಖನಗಳಲ್ಲಿ ಒಂದು ಗ್ರಾಂ ಇದ್ದಿಲು ಹತ್ತಾರು, ಕೆಲವೊಮ್ಮೆ ನೂರಾರು ಮಿಲಿಗ್ರಾಂ ಲೋಹ ಹಿಡಿಯಿತು ಎಂದು ಓದುತ್ತೇವೆ. ಅವುಗಳಲ್ಲಿ ಹಲವು ಒಂದೇ ಲೋಹ ಕರಗಿಸಿದ ಶುದ್ಧ ನೀರಿನ ಅಂಕಿಗಳು. ಅದನ್ನೇ ನಂಬಿ ಡ್ರಮ್ಮಿನ ಅಳತೆ ನಿರ್ಧರಿಸಿದರೆ ಮೋಸ ಖಚಿತ.

ತಿರುವು ತಂದ ಲೆಕ್ಕ

ಮಾಲೀಕರ ಮುಂದೆ ಕಾಗದ ಇಟ್ಟು ಕೂತು ಹಾಕಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ. ಇಡೀ ಪ್ರಕರಣದ ಜೀವ ಇದರಲ್ಲಿದೆ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು.

ದಿನಕ್ಕೆ ಸಾವಿರ ಲೀಟರ್ ನೀರು, ಲೀಟರಿಗೆ 70 ಮಿಲಿಗ್ರಾಂ ನಿಕಲ್. ಒಟ್ಟು ನಿಕಲ್ 70 ಗ್ರಾಂ. ನಿಜವಾದ ನೀರಿನಲ್ಲಿ ಒಂದು ಗ್ರಾಂ ಇದ್ದಿಲು 5 ಮಿಲಿಗ್ರಾಂ ಹಿಡಿಯುತ್ತದೆ ಎಂದುಕೊಂಡರೆ ದಿನಕ್ಕೆ 14 ಕೆಜಿ ಇದ್ದಿಲು ಬೇಕು. ತಿಂಗಳಿಗೆ 25 ದಿನ ಕೆಲಸವೆಂದರೆ 350 ಕೆಜಿ. ಅಷ್ಟು ಇದ್ದಿಲು ಮಾಡಲು ಟನ್ನಿಗೂ ಮೇಲೆ ಬೆಂಡು ಬೇಕು. ಅದಾದರೂ ಸಿಕ್ಕೀತು. ತಿಂಗಳ ಕೊನೆಗೆ ನಿಕಲ್ ತುಂಬಿದ 350 ಕೆಜಿ ಒದ್ದೆ ಕರಿ ರಾಶಿಯನ್ನು ಎಲ್ಲಿಗೆ ಒಯ್ಯುವುದು?

ಅದೇ 70 ಗ್ರಾಂ ನಿಕಲನ್ನು ಪಿಎಚ್ 10ರ ಸುಮಾರಿಗೆ ಏರಿಸಿ ಹೈಡ್ರಾಕ್ಸೈಡ್ ಆಗಿ ಇಳಿಸಿದರೆ, ಒಣಗಿದ ಹೈಡ್ರಾಕ್ಸೈಡ್ ತೂಕ ಸುಮಾರು 110 ಗ್ರಾಂ. ಸುಣ್ಣದ ಕಲ್ಮಶ, ನೀರಿನಂಶ ಸೇರಿ ಕೆಸರು ಇದರ ಎಷ್ಟೋ ಪಟ್ಟು ತೂಗಬಹುದು. ಆದರೂ ಇದ್ದಿಲಿನ ರಾಶಿಯ ಹತ್ತಿರ ಸುಳಿಯುವುದಿಲ್ಲ. ಇಳಿಸಿದ ಮೇಲೆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಉಳಿಯಿತು ಅನ್ನೋಣ. ಸಾವಿರ ಲೀಟರಿನಲ್ಲಿ 3 ಗ್ರಾಂ. ಅದನ್ನು ಹಿಡಿಯಲು ಬೇಕಾದ ಇದ್ದಿಲು 600 ಗ್ರಾಂ.

14 ಕೆಜಿ ಎಲ್ಲಿ, 600 ಗ್ರಾಂ ಎಲ್ಲಿ. ಮಾಲೀಕರು ಬಹಳ ಹೊತ್ತು ಆ ಕಾಗದ ನೋಡಿದರು. "ಅಂದ್ರೆ ಇದ್ದಿಲು ಮೊದ್ಲಿಗೆ ಅಲ್ಲ, ಕೊನೀಗೆ ಇಡಬೇಕು ಅಂತೀರಿ" ಎಂದರು. ಹೌದು. ಹೆಚ್ಚು ಲೋಹವಿರುವ ನೀರನ್ನು ನಿಭಾಯಿಸಲು ಹಳೆಯ, ಅಗ್ಗದ, ಚೆನ್ನಾಗಿ ಗೊತ್ತಿರುವ ದಾರಿ ಇದೆ. ಆ ದಾರಿ ಕೈಬಿಡುವ ಕೊನೆಯ ಅಂಶವನ್ನು ಹಿಡಿಯುವುದರಲ್ಲಿ ಇದ್ದಿಲಿನ ಶಕ್ತಿಯಿದೆ.

ಎರಡನೆಯ ಏರ್ಪಾಡು

ಮೊದಲ ಬದಲಾವಣೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಸಾಮಾನನ್ನು ನಿಕಲ್ ತೊಟ್ಟಿಯಿಂದ ಎತ್ತಿದ ಕೂಡಲೇ ನೀರಿಗೆ ಅದ್ದದೆ, ತೊಟ್ಟಿಯ ಮೇಲೆಯೇ ಓರೆಯಾಗಿ ಹಿಡಿದು ಹನಿ ನಿಲ್ಲುವವರೆಗೆ ಕಾಯುವುದು. ಕೈ ಸೋಲಬಾರದೆಂದು ತೂಗುಹಾಕಲು ಒಂದು ಸರಳು ಕಟ್ಟಿದರು. ಅದರ ಮುಂದೆ ಹರಿಯದ ನೀರಿನ ಒಂದು ತೊಟ್ಟಿ; ಮೊದಲ ಅದ್ದು ಅದರಲ್ಲಿ. ನಿಕಲ್ ತೊಟ್ಟಿ ಬಿಸಿಯಾಗಿರುವುದರಿಂದ ನೀರು ಆವಿಯಾಗಿ ಮಟ್ಟ ಇಳಿಯುತ್ತಲೇ ಇರುತ್ತದೆ. ಆ ಕೊರತೆಗೆ ಈ ಹರಿಯದ ತೊಟ್ಟಿಯ ನೀರನ್ನೇ ವಾಪಸ್ಸು ಹಾಕುತ್ತಾರೆ. ಮೋರಿಗೆ ಹೋಗುತ್ತಿದ್ದ ನಿಕಲ್ ತಿರುಗಿ ಕೆಲಸಕ್ಕೆ ಬಂತು. ಇದರಷ್ಟು ಲಾಭದ ಕೆಲಸ ಇಡೀ ಏರ್ಪಾಡಿನಲ್ಲಿ ಇನ್ನೊಂದಿಲ್ಲ. ಅಂತಿಮ ತೊಳೆತಕ್ಕೂ ಎರಡು ತೊಟ್ಟಿಗಳನ್ನು ಎದುರುಬದುರು ಹರಿವಿನಲ್ಲಿ, ಅಂದರೆ ಸಾಮಾನು ಸಾಗುವ ದಿಕ್ಕಿಗೆ ವಿರುದ್ಧವಾಗಿ ನೀರು ಹರಿಯುವಂತೆ, ಜೋಡಿಸಿದ್ದರಿಂದ ನೀರಿನ ಖರ್ಚೂ ಇಳಿಯಿತು.

ನಂತರ ಕ್ರೋಮ್ ನೀರಿಗೆ ಬೇರೆ ಪೈಪು, ಬೇರೆ ಟ್ಯಾಂಕು. ಅಲ್ಲಿ ಪಿಎಚ್ 2.5ರ ಸುಮಾರಿಗೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ಹಳದಿ ನೀರು ಹಸಿರಾಗುತ್ತದೆ; ಅದು ಟ್ರೈವೇಲೆಂಟ್ ಆಗಿದೆ ಎಂಬುದರ ಗುರುತು. ಕಣ್ಣಿಗೆ ಕಾಣುವ ಬಣ್ಣವನ್ನೇ ನಂಬದೆ ನೇರಳೆ ಪರೀಕ್ಷೆ ಮಾಡಿ, ಬಣ್ಣ ಬರದಿದ್ದರೆ ಮಾತ್ರ ಪಿಎಚ್ 8ರಿಂದ 8.5ಕ್ಕೆ ಏರಿಸಿ ಕೆಸರು ಇಳಿಸುತ್ತಾರೆ. ಮೆಟಾಬೈಸಲ್ಫೈಟ್ ಬದಲು ಅನ್ನಭೇದಿ (ಫೆರಸ್ ಸಲ್ಫೇಟ್) ಬಳಸಬಹುದು, ಅಗ್ಗ; ಆದರೆ ಕಬ್ಬಿಣವೂ ಸೇರಿ ಕೆಸರು ಬಹಳ ಹೆಚ್ಚುತ್ತದೆ. ಮೆಟಾಬೈಸಲ್ಫೈಟ್ ಆಮ್ಲದಲ್ಲಿ ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡ್ ಬಿಡುವುದರಿಂದ ಆ ಟ್ಯಾಂಕನ್ನು ಗಾಳಿಯಾಡುವ ಜಾಗಕ್ಕೆ ಸರಿಸಿದರು. ಈ ಅಂಗಡಿಯಲ್ಲಿ ಸಯನೈಡ್ ತೊಟ್ಟಿ ಇಲ್ಲ. ಇರುವ ಕಡೆ ಆ ನೀರಿಗೆ ಆಸಿಡ್ ಸೋಕಿದರೆ ಪ್ರಾಣ ತೆಗೆಯುವ ಅನಿಲ ಹೊರಡುತ್ತದೆ. ಈ ವಿವರಣೆ ಓದಿ ಅಂಥ ಕಡೆ ಯಾರೂ ಆಸಿಡ್ ಸುರಿಯಬಾರದು.

ನಿಕಲ್ ನೀರು ಪಿಎಚ್ 10ರ ಹತ್ತಿರ ಕೆಸರು ಬಿಟ್ಟ ಮೇಲೆ ಮರಳಿನ ಸೋಸುಕದ ಮೂಲಕ ಹೋಗುತ್ತದೆ. ಆಮೇಲಷ್ಟೇ ಪಿಎಚ್ 8ರ ಆಸುಪಾಸಿಗೆ ಇಳಿಸುವುದು. ಈ ಕ್ರಮ ತಪ್ಪಬಾರದು. ಕೆಸರಿನ ಕಣಗಳು ನೀರಿನಲ್ಲಿರುವಾಗಲೇ ಆಸಿಡ್ ಹಾಕಿದರೆ ಇಳಿದ ನಿಕಲ್ ಮತ್ತೆ ಕರಗುತ್ತದೆ.

ಕೊನೆಗೆ ಇದ್ದಿಲು. ದಪ್ಪ ಪಿವಿಸಿ ಪೈಪಿನ ಎರಡು ಕಂಬ, ಒಂದರ ನಂತರ ಒಂದು. ನೀರು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ. ಮೇಲಿನಿಂದ ಸುರಿದರೆ ಒಂದೇ ಕಡೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ. ಒಂದೆರಡು ಮಿಲಿಮೀಟರ್ ಗಾತ್ರದ ತುಂಡು, ಪುಡಿ ಇಲ್ಲ. ಮೊದಲ ಕಂಬದಿಂದ ನೀರು ಹೊರಬರುವ ಬಾಯಲ್ಲಿ ಮಾದರಿ ತೆಗೆಯಲು ಒಂದು ನಲ್ಲಿ. ಅಲ್ಲಿ ಗುಲಾಬಿ ಬಣ್ಣ ಗಾಢವಾದ ದಿನ ಮೊದಲ ಕಂಬವನ್ನು ಖಾಲಿ ಮಾಡುತ್ತಾರೆ, ಎರಡನೆಯದು ಮೊದಲಿನ ಜಾಗಕ್ಕೆ ಬರುತ್ತದೆ, ಹೊಸದು ಅದರ ಹಿಂದೆ ನಿಲ್ಲುತ್ತದೆ. ಹೀಗಾಗಿ ಇದ್ದಿಲು ತುಂಬಿಹೋದ ದಿನವೂ ಹೊರಗೆ ಹೋಗುವ ನೀರಿಗೆ ಕಾವಲಿರುತ್ತದೆ. ಮೊದಲಿನ ಒಂಟಿ ಡ್ರಮ್ಮಿನಲ್ಲಿ ಇದೇ ಇರಲಿಲ್ಲ.

ಜಗಳೂರು ಕಡೆಯ ಪರಿಚಿತರೊಬ್ಬರು ಇದನ್ನು ನೋಡಿ, ಇದೇ ಕಂಬ ನಮ್ಮ ಬೋರಿನ ಫ್ಲೋರೈಡ್‌ಗೂ ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ. ಫ್ಲೋರೈಡ್ ಋಣ ಅಯಾನು; ಮಾಮೂಲಿ ಸಸ್ಯದ ಇದ್ದಿಲು ಅದನ್ನು ಹಿಡಿಯುವುದು ಅತ್ಯಲ್ಪ. ಅದಕ್ಕೆ ಮೂಳೆಯ ಇದ್ದಿಲು ಅಥವಾ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು. ಕುಡಿಯುವ ನೀರಿನ ವಿಚಾರಕ್ಕೆ ಈ ಕಂಬಗಳನ್ನು ತರುವುದೇ ತಪ್ಪು. ಹೊರಬಿಡುವ ನೀರಿಗೆ ನಿಕಲ್ ಮಿತಿ 3 ಮಿಲಿಗ್ರಾಂ, ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 0.02. ನಡುವೆ 150 ಪಟ್ಟು ಅಂತರವಿದೆ.

ಬಳಸಿದ ಇದ್ದಿಲು

ಒಂದು ದಿನ ಪಕ್ಕದ ತೋಟದ ಹಿರಿಯರು ಅಂಗಡಿಗೆ ಬಂದರು. "ಏನ್ರೀ ಸಾವ್ಕಾರ್ರೆ, ಆ ಕರಿ ಚೀಲ ಹಂಗೇ ಬಿದ್ದಾವಲ್ಲ, ತ್ವಾಟಕ್ಕೆ ಕೊಡ್ರಿ. ಬಯೋಚಾರ್ ಹಾಕಿದ್ರೆ ಮಣ್ಣು ಹಸನಾಗ್ತತಿ ಅಂತಾರ." ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹೊಲಕ್ಕೆ ಹಾಕುವ ಇದ್ದಿಲಿಗೂ ನಿಕಲ್ ಹೀರಿದ ಇದ್ದಿಲಿಗೂ ಕಣ್ಣಿಗೆ, ಕೈಗೆ, ಮೂಗಿಗೆ ಯಾವ ವ್ಯತ್ಯಾಸವೂ ಇಲ್ಲ. ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಬಾಯಿಮಾತಿನಲ್ಲಿ ಹೇಳುವ ಬದಲು ಅವರ ಎದುರೇ ಒಂದು ಹಿಡಿ ಬಳಸಿದ ಇದ್ದಿಲನ್ನು ತೆಳು ವಿನೆಗರ್‌ನಲ್ಲಿ ನೆನೆಸಿ, ಸೋಸಿ, ಅಮೋನಿಯಾ ಮತ್ತು ಡೈಮಿಥೈಲ್ ಗ್ಲೈಆಕ್ಸಿಮ್ ದ್ರಾವಣ ಹಾಕಿ ತೋರಿಸಿದೆವು. ಕೆಂಪು ಬಂತು. ಇದ್ದಿಲು ನಿಕಲನ್ನು ಸುಟ್ಟಿಲ್ಲ, ಕರಗಿಸಿಲ್ಲ, ಇಟ್ಟುಕೊಂಡಿದೆ ಅಷ್ಟೇ. ಹುಳಿ ಮಣ್ಣು ಸಿಕ್ಕರೆ ಬಿಟ್ಟುಕೊಡುತ್ತದೆ. ಸಾವಯವ ಗೊಬ್ಬರ ಕಾಲಕಾಲಕ್ಕೆ ಕೊಳೆತುಹೋಗುತ್ತದೆ, ನಿಕಲ್ ಮಣ್ಣಿನಲ್ಲೇ ಉಳಿಯುತ್ತದೆ. ಹಿರಿಯರಿಗೆ ಅಂಗಳದಲ್ಲಿದ್ದ ಹೊಸ ಬೆಂಡಿನ ಇದ್ದಿಲಿನ ಪುಡಿಯನ್ನು, ಜರಡಿಯಲ್ಲಿ ಕೆಳಗೆ ಬಿದ್ದದ್ದನ್ನು, ಕೊಟ್ಟು ಕಳಿಸಿದರು.

ಸುಟ್ಟುಬಿಡೋಣ ಎಂಬ ಸಲಹೆಯೂ ಬಂತು. ಅದು ಇನ್ನೂ ಕೆಟ್ಟದ್ದು. ಇಂಗಾಲ ಹೋಗಿ ಬೂದಿಯಲ್ಲಿ ಲೋಹ ದಟ್ಟವಾಗುತ್ತದೆ. ಕ್ರೋಮಿಯಂ ಹಿಡಿದ ಇದ್ದಿಲನ್ನು ಗಾಳಿಯಲ್ಲಿ ಉರಿಸಿದರೆ, ಬೂದಿಯ ಕ್ಷಾರ ಮತ್ತು ಶಾಖ ಸೇರಿ ಕಷ್ಟಪಟ್ಟು ಟ್ರೈವೇಲೆಂಟ್ ಮಾಡಿದ್ದು ತಿರುಗಿ ಹೆಕ್ಸಾವೇಲೆಂಟ್ ಆಗಬಹುದು. ಬಳಸಿದ ಚೀಲ ಭಟ್ಟಿಗೋ ಇಟ್ಟಿಗೆ ಗೂಡಿಗೋ ಸೌದೆಯಾಗಿ ಹೋಗದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಪ್ಲೇಟಿಂಗ್ ಕೆಲಸದ ಕೆಸರು, ಲೋಹ ತುಂಬಿದ ಸೋಸುವ ವಸ್ತು ಎಲ್ಲವನ್ನೂ ಲೆಕ್ಕವಿಟ್ಟು ಅಧಿಕೃತ ವಿಲೇವಾರಿಗೆ ಕಳಿಸಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರಾಜ್ಯದ ಒಂದು ವಿಲೇವಾರಿ ತಾಣ ನೆಲಮಂಗಲ ಬಳಿಯ ದಾಬಸ್‌ಪೇಟೆಯಲ್ಲಿದೆ. ಈಗ ಅಂಗಡಿಯಲ್ಲಿ ಬಳಸಿದ ಇದ್ದಿಲು ಕೆಂಪು ಪಟ್ಟೆ ಬಳಿದ ಮುಚ್ಚಳದ ಡ್ರಮ್ಮಿಗೆ ಹೋಗುತ್ತದೆ, ಚಾವಣಿಯ ಕೆಳಗೆ, ಸಿಮೆಂಟ್ ನೆಲದ ಮೇಲೆ. ತುಂಬಿದ ದಿನಾಂಕವನ್ನು ಡ್ರಮ್ಮಿನ ಮೇಲೆಯೇ ಬರೆಯುತ್ತಾರೆ. ದಿನಕ್ಕೆ 14 ಕೆಜಿ ಬದಲು ಕೆಲವು ನೂರು ಗ್ರಾಂ ಆದದ್ದರಿಂದಲೇ ಈ ಶಿಸ್ತು ಸಾಧ್ಯವಾಯಿತು.

ಬಗೆಹರಿಯದೆ ಉಳಿದಿರುವುದು ಸಾಗಣೆ. ಒಂದು ಚಿಕ್ಕ ಅಂಗಡಿಯ ಎರಡು ಡ್ರಮ್ಮಿಗಾಗಿ ಅಷ್ಟು ದೂರ ಲಾರಿ ಕಳಿಸುವ ಖರ್ಚು ಇಡೀ ಇದ್ದಿಲಿನ ಏರ್ಪಾಡಿನ ಖರ್ಚಿಗಿಂತ ಹೆಚ್ಚು. ದಾವಣಗೆರೆ, ಹರಿಹರದ ಇಂಥ ಅಂಗಡಿಗಳು ದಿನ ಗೊತ್ತುಮಾಡಿ ಒಂದೇ ಅಧಿಕೃತ ಲಾರಿಗೆ ಡ್ರಮ್ಮು ಸೇರಿಸುವ ಮಾತುಕತೆ ನಡೆಯುತ್ತಿದೆ. ಮಾಲೀಕರು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಅದರ ಕಾಗದಪತ್ರ ಕೇಳಿ ಬಂದಿದ್ದಾರೆ, ಇನ್ನಿಬ್ಬರು ಅಂಗಡಿಯವರು ಒಪ್ಪಿದ್ದಾರೆ.